ಚಿಗವ್ವನ ಎದೆ ಓದಿದ ಡಾಕ್ಟರಬಾಯಿ

ಏಪ್ರಿಲ್ ಬಿಸಿಲಿಗೆ ಚಿಕ್ಕೋಡಿಯ ಡಾಂಬರು ಚಪ್ಪಲಿಗೆ ಅಂಟುವಾಗಲೂ ನಮ್ಮ ಸ್ಕ್ಯಾನಿಂಗ್ ಡಾಕ್ಟರಬಾಯಿಯ ಮೈಮೇಲೆ ಉಣ್ಣೆಯ ಸ್ವೆಟರ್ ಇರುತ್ತಿತ್ತು. ಎಂಆರ್‌ಐ ಯಂತ್ರದ ಬಳಿ ಸದಾ ತಂಪು. ಅಲ್ಲೇ ದಿನ ಕಳೆದು ಅವರ ಬೆರಳುಗಳೂ ಕೊರೆಯುತ್ತಿದ್ದವು. ರೋಗಿಯ ಕೈ ಹಿಡಿಯುವ ಮೊದಲು ಎರಡೂ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುವುದು ಅವರ ರೂಢಿ.

ರಾಯಬಾಗ ಕಡೆಯ ಒಕ್ಕಲುತನದ ಮನೆಯ ಮಗಳು. ಮಾತು ಕನ್ನಡದಲ್ಲಿ ಶುರುವಾಗಿ, ಎದುರಿನವರ ಮುಖ ನೋಡಿ ಮರಾಠಿಗೆ ಹೊರಳುತ್ತಿತ್ತು. ಉಸಿರು ಹಿಡಿಯಿರಿ ಎನ್ನಲು ಯಂತ್ರದಲ್ಲೇ ಇಂಗ್ಲಿಷ್ ಧ್ವನಿಯೊಂದಿತ್ತು. ಅದನ್ನು ಬಂದ್ ಮಾಡಿ ತಾವೇ ಮೈಕ್ ಹಿಡಿಯುತ್ತಿದ್ದರು: "ಕಬ್ಬಿನ ಟ್ರ್ಯಾಕ್ಟರ್ ಬಾಜೂಕ ಬಂದಾಗ ಧೂಳಿಗೆ ಉಸರ ಹಿಡೀತೀರಲ್ಲಾ, ಹಂಗ ಹಿಡೀರಿ... ಹಾಂ, ಟ್ರ್ಯಾಕ್ಟರ್ ಹೋತು, ಬಿಡ್ರಿ."

ಕಬ್ಬೂರಿನ ನಮ್ಮ ಚಿಗವ್ವನನ್ನು ಅವರ ಬಳಿ ಕರೆದೊಯ್ದದ್ದು ಎದೆಗೂಡಿನೊಳಗೆ ಗಡ್ಡೆ ಕಂಡ ಮೇಲೆ. ಅದು ಯಾವ ಜಾತಿಯದೆಂದು ಮೊದಲಿನ ಸ್ಕ್ಯಾನಿನಲ್ಲಿ ತಿಳಿದಿರಲಿಲ್ಲ. ಒಂದು ಜಾತಿಯದಾದರೆ ಎದೆ ಸೀಳಿ ತೆಗೆಯಬೇಕು. ಇನ್ನೊಂದು, ಲಿಂಫೋಮಾ ಎನ್ನುವುದು, ಔಷಧಿಗೇ ಕರಗಬಹುದು. ಚಿಗವ್ವನ ಗಂಡ, ನಮ್ಮ ಕಾಕಾ, "ತಗಸೇ ಬಿಡೂಣು" ಎಂದು ಆಪರೇಷನ್ನಿಗೆ ತಯಾರಾಗಿಬಿಟ್ಟಿದ್ದರು. ಸರ್ಜನ್ನರೇ ತಡೆದು, ಮೊದಲು ಗಡ್ಡೆ ನಿಚ್ಚಳವಾಗಿ ಕಾಣಲು ರಕ್ತಕ್ಕೆ ಬಿಡುವ ಕಾಂಟ್ರಾಸ್ಟ್ ಔಷಧಿ ಹಾಕಿಸಿ ಎಂಆರ್‌ಐ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದ್ದರು.

ನಮ್ಮ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಚಿಗವ್ವ ಹನಿ ನೀರನ್ನೂ ಬಾಯಿಗೆ ಬಿಡುವವಳಲ್ಲ. ಸೂಜಿ ಕಂಡದ್ದೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಈಗ ಮೈಯಾಗ ಏನೂ ಹಾಕಿಸ್ಕೊಳ್ಳಾಂಗಿಲ್ಲ ನಾ."

"ಏ, ಅದೇನ ಊಟ ಅಲ್ಲ, ಇಂಜೆಕ್ಷನ್ ಐತಿ!" ಕಾಕಾ ರೇಗಿದರು.

"ಬಾಯಿಂದ ಹೋದ್ರೇನು, ತೋಳಿಂದ ಹೋದ್ರೇನು? ಒಳಗ ಹೋಗೂದ ಹೌದಲ್ಲ?"

ಡಾಕ್ಟರಬಾಯಿ ನಗಲಿಲ್ಲ, ಬೈಯಲೂ ಇಲ್ಲ. ಬಂದು ಬೆಂಚಿನ ಮೇಲೆ ಚಿಗವ್ವನ ಪಕ್ಕ ಕುಳಿತರು.

"ಇದರಾಗ ಜೀವಜಂತಿಂದು ಏನರ ಐತೇನವಾ?" ಚಿಗವ್ವ ಕೇಳಿದಳು.

"ಇಲ್ರಿ ಯವ್ವಾ, ಲೋಹದಿಂದ ಮಾಡಿದ್ದು. ಆದ್ರ ಮನಸ್ಸಿಲ್ಲದ ಮಲಗಿ ನೀವು ಅಳ್ಳಾಡಿದ್ರ ನನ್ನ ಚಿತ್ರ ಕೆಡತಾವು. ನಾಳೆ ಹೊತ್ತ ಹೊಂಟ ಮ್ಯಾಲ ಬರ್ರಿ, ಮೊದಲ ನಂಬರ್ ನಿಮ್ದ."

"ಇಕಿ ಹಟಕ್ಕ ಗಡ್ಡಿ ಕಾಯ್ಕೊಂತ ಕೂಡತೈತೇನ್ರಿ?" ಕಾಕಾ ಗೊಣಗಿದರು.

"ಒಂದ ರಾತ್ರಿ ಗಡ್ಡಿ ಕಾಯತೈತ್ರಿ ಯಜಮಾನ್ರ. ನೀವ ಕಾಯಾಂಗಿಲ್ಲ ನೋಡ್ರಿ!"

ಮರುದಿನ ಎಲ್ಲರಿಗಿಂತ ಮೊದಲು ಬಂದವರು ಡಾಕ್ಟರಬಾಯಿಯೇ. ಚಿಗವ್ವ ತಾನಾಗಿ ತೋಳು ಚಾಚಿದಳು, ಅಲುಗದೆ ಮಲಗಿದಳು. ಔಷಧಿ ರಕ್ತದಲ್ಲಿ ಹರಿಯುತ್ತಿದ್ದಂತೆ ಯಂತ್ರ ಒಂದರ ಹಿಂದೊಂದು ಚಿತ್ರ ತೆಗೆಯಿತು. ಆಮೇಲೆ ಡಾಕ್ಟರಬಾಯಿ ಕಾಕಾನನ್ನು ಪರದೆಯ ಮುಂದೆ ಕೂರಿಸಿಕೊಂಡರು.

"ಗರಸಿನ ಮಡ್ಡಿ ಹೊಲಕ್ಕ ನೀರ ಬಿಟ್ರ ಏನಾಗತೈತ್ರಿ?"

"ಗಟಗಟ ಕುಡೀತೈತಿ, ಹಂಗ ಬಸದ ಹೋಗತೈತಿ."

"ಕರಿ ಮಣ್ಣಿನ ಎರಿ ಹೊಲ?"

"ಸಾವಕಾಶ ಕುಡದು, ಹಿಡಕೊಂಡ ಕೂಡತೈತಿ."

"ಕೊಯ್ದ ತಗಿಯೂ ಗಡ್ಡಿ ಬಹಳ ಮಾಡಿ ಮಡ್ಡಿ ಹೊಲದಂಗ. ಇದು ಎರಿ ಕಂಡಂಗ ಕಾಣತೈತಿ. ಔಷಧ ಸಾವಕಾಶ ಏರೇತಿ, ಇನ್ನೂ ಇಳದಿಲ್ಲ. ಎದಿಗೆ ಕತ್ತಿ ಹಚ್ಚೂ ಮೊದಲ ಸೂಜಿಲೆ ಒಂದ ತುಣುಕ ತಗದು ತಪಾಸ ಮಾಡಸ್ರಿ. ನಾ ದಾರಿ ತೋರಸ್ತೇನಿ, ಹೆಸರ ಹೇಳೂದು ಆ ತುಣುಕು."

ತುಣುಕು ಲಿಂಫೋಮಾ ಎಂದೇ ಹೇಳಿತು. ಸರ್ಜನ್ನರು ಆಪರೇಷನ್ ಕೈಬಿಟ್ಟು ಔಷಧಿ ಕೊಡುವವರ ಕಡೆ ಕಳಿಸಿದರು. ಚಿಗವ್ವನ ಕೂದಲು ಉದುರಿತು, ಮತ್ತೆ ಬಂತು, ಗಡ್ಡೆ ಕರಗಿತು, ಎದೆಯ ಮೇಲೆ ಒಂದು ಹೊಲಿಗೆಯೂ ಬೀಳಲಿಲ್ಲ. ನಮ್ಮ ಕಡೆ ಏನಿದೆ ಎಂದು ಮೂಗು ಮುರಿಯುವವರ ಮುಂದೆ ನಾನು ಈಗಲೂ ಎದೆಯುಬ್ಬಿಸಿ ಈ ಕಥೆಯನ್ನೇ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ಡಾಕ್ಟರಬಾಯಿ ತೀರಿಕೊಂಡರು. ಚಿಗವ್ವನನ್ನು ಕರೆದುಕೊಂಡು ಅವರ ಮನೆಯವರನ್ನು ಮಾತನಾಡಿಸಲು ಹೋದಾಗ ಪಡಸಾಲೆಯಲ್ಲಿ ಹೆಂಗಸರ ನಡುವೆ ಅವರ ತಾಯಿ ಕುಳಿತಿದ್ದರು. "ನೀವು ಯಾರ ಪೈಕಿ?" ಎಂದರು. ಚಿಗವ್ವ ಆ ಮುದುಕಿಯ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

"ಕೊಯ್ಯೂದ ಬ್ಯಾಡ ಅಂತ ನಿಮ್ಮ ಮಗಳು ಉಳಿಸಿದ ಎದಿ ಇದು, ಯವ್ವಾ."

ತಾಯಿ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಸುತ್ತಲಿನವರ ಕಡೆ ತಿರುಗಿ, ಅಳುತ್ತಲೇ, ಗಟ್ಟಿ ದನಿಯಲ್ಲಿ ಕರೆದರು:

"ಬರ್ರೆ ಬೇ, ಇಲ್ಲಿ ಕೈ ಇಟ್ಟ ನೋಡ್ರಿ. ನನ್ನ ಮಗಳ ಕೆಲಸ ಇದು."