ಅತ್ತೆಗಿಂತ ಒಂದು ಕಡಿಮೆ

ಮೂಡಲಪಾಳ್ಯದ ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ಹಳೆಯ ಡಾಕ್ಟರು ಇದ್ದಷ್ಟು ಕಾಲ ಸೊಂಟ ನೋವಿಗೂ ಮಂಡಿ ನೋವಿಗೂ ಒಂದೇ ಮದ್ದು. ಒಂದು ಇಂಜೆಕ್ಷನ್, ಒಂದಿಷ್ಟು ಮಾತ್ರೆ, ಬಿಸಿನೀರು ಹಾಕಿಕೊಳ್ಳಿ ಎಂಬ ಉಪದೇಶ. ಅವರ ಕಣ್ಣು ಮಂಜಾದ ಮೇಲೆ ಮಗ ಬಂದು ಆ ಕುರ್ಚಿಯಲ್ಲಿ ಕೂತರು. ಎರಡು ಸಾವಿರದ ಏಳೋ ಎಂಟೋ ಇರಬೇಕು. ಮಗ ಬಂದ ಸ್ವಲ್ಪ ದಿನಕ್ಕೆ ಮೇಜಿನ ಮೇಲೆ ಒಂದು ದಪ್ಪ ಕಂಪ್ಯೂಟರೂ ಬಂದು ಕೂತಿತು.

ಹೊರಗೆ ರೋಗಿಗಳು ಕೂರುವ ಬೆಂಚಿನ ಒಂದು ಕಾಲು ಮುರಿದು, ಅಡಿಗೆ ಇಟ್ಟಿಗೆ ಕೊಟ್ಟಿದ್ದರು. ನಮ್ಮತ್ತೆ ಆ ಬೆಂಚನ್ನೂ ನೋಡಿದರು, ಒಳಗಿದ್ದ ಕಂಪ್ಯೂಟರನ್ನೂ ನೋಡಿದರು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ" ಎಂದರು, ಡಾಕ್ಟರಿಗೆ ಕೇಳಿಸುವ ಹಾಗೇ.

ಅತ್ತೆಗೆ ಮಂಡಿ ನೋವು, ನನಗೆ ಸೊಂಟ ನೋವು. ಇಬ್ಬರದೂ ವರ್ಷಗಳ ಹಳೆಯದು. ಹದಿನೈದು ದಿನಕ್ಕೊಮ್ಮೆ ಶನಿವಾರ ಸಾಯಂಕಾಲ ಇಬ್ಬರೂ ಜೊತೆಯಲ್ಲೇ ಹೋಗುತ್ತಿದ್ದೆವು, ಜೊತೆಯಲ್ಲೇ ಒಳಗೆ ಕೂರುತ್ತಿದ್ದೆವು. ಒಂದೇ ಮನೆಯವರಿಗೆ ಎರಡು ಚೀಟಿ ಯಾಕೆ ಎಂಬುದು ಹಳೆಯ ಡಾಕ್ಟರ ಕಾಲದ ಪದ್ಧತಿ.

ಮಗ ಡಾಕ್ಟರು ಸಾವಧಾನದ ಮನುಷ್ಯ. ಮೊದಲ ದಿನವೇ ವಿವರಿಸಿದರು. "ಹಳೇ ನೋವಿಗೆ ಅಂತಾನೇ ಇದ್ರಲ್ಲಿ ಒಂದು ಪ್ರೋಗ್ರಾಂ ಇದೆ ಅಮ್ಮ. ನಾನು ಕೇಳ್ತೀನಿ, ನೀವು ಹೇಳಿ. ಮುಂದೆ ಏನು ಮಾಡಬಹುದು ಅಂತ ಅದು ನಂಗೆ ಸಲಹೆ ಕೊಡುತ್ತೆ. ನೋವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ನಿಮ್ದೆಷ್ಟು?"

"ನೋವೇನು ರಾಗಿನಾ, ಸೇರಲ್ಲಿ ಅಳೆಯಾಕೆ?" ಎಂದರು ಅತ್ತೆ. ಆಮೇಲೆ ಹುಡುಗನ ಮುಖ ನೋಡಿ ಕನಿಕರವಾಯಿತೇನೋ, "ಐದು ಅಂತ ಹಾಕ್ಕೊಳಪ್ಪ" ಎಂದರು.

ಡಾಕ್ಟರು ನನ್ನ ಕಡೆ ತಿರುಗಿದರು. ನಾನು "ನಾಲ್ಕು" ಎಂದೆ.

ಯೋಚಿಸಿ ಹೇಳಿದ್ದಲ್ಲ. ನಮ್ಮದು ಊರು ಹೊಲಗದ್ದೆಯಾಗಿದ್ದಾಗಿನಿಂದ ಇದ್ದ ಮನೆತನ. ಹೊಲ ಹೋಗಿ ಸೈಟುಗಳಾದವು, ಪದ್ಧತಿ ಮಾತ್ರ ಹೋಗಲಿಲ್ಲ. ಮುದ್ದೆ ಮೊದಲು ದೊಡ್ಡವರ ತಟ್ಟೆಗೆ, ಕೊನೆಗೆ ಸೊಸೆಗೆ. ಅತ್ತೆ ಮಲಗಿದ ದಿನ ಸೊಸೆಗೆ ತಲೆನೋವು ಬರಕೂಡದು. ಅವರ ಪಕ್ಕದಲ್ಲಿ ಕೂತು ನನಗೆ ನಿಮಗಿಂತ ಜಾಸ್ತಿ ನೋವು ಎನ್ನುವುದೆಂದರೆ ಅವರು ನೆಲದ ಮೇಲೆ ಕೂತಿರುವಾಗ ನಾನು ಮಂಚದ ಮೇಲೆ ಕೂತಂತೆ. ನಾಲಿಗೆಯೇ ಏಳುವುದಿಲ್ಲ.

ಅಲ್ಲಿಂದ ಅದೇ ನಡೆಯಿತು. ಅವರು ಐದು ಎಂದರೆ ನಾನು ನಾಲ್ಕು, ಅವರು ಮೂರು ಎಂದರೆ ನಾನು ಎರಡು. ಐದಾದರೆ ಕಂಪ್ಯೂಟರಿನಲ್ಲಿ ಅವರಿಗೆ ಹಳದಿ ಚೌಕ ಬರುತ್ತಿತ್ತು, ನನಗೆ ಯಾವಾಗಲೂ ಹಸಿರು. ಹಸಿರು ಎಂದರೆ ಅದೇ ಮಾತ್ರೆ, ಅದೇ ವ್ಯಾಯಾಮ, ಮತ್ತೆ ಬನ್ನಿ.

ನಿಜ ಏನೆಂದರೆ ನನ್ನ ಎಡಗಾಲು ಸಾಯುತ್ತಾ ಬಂದಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ, ಸೀರೆಗೆ ಫಾಲ್ಸ್ ಹಾಕುತ್ತಿದ್ದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಸೊಂಟದಿಂದ ಹೊರಟ ನೋವು ಹಿಮ್ಮಡಿಯವರೆಗೆ ಇಳಿಯುತ್ತಿತ್ತು. ಬರಬರುತ್ತಾ ಪೆಡಲಿನ ಮೇಲೆ ಪಾದ ಇಟ್ಟಿದ್ದೇನೆಯೋ ಇಲ್ಲವೋ ಎಂಬುದೂ ಬಗ್ಗಿ ನೋಡಿದರೇ ಗೊತ್ತಾಗುತ್ತಿತ್ತು. ಕಾಲು ಹೋದರೆ ಮಿಷನ್ನೂ ಹೋಯಿತು ಎಂದು ನನಗೆ ವಿಪರೀತ ಭಯ. ಯಾರಿಗೂ ಹೇಳಲಿಲ್ಲ. ಹೇಳಬೇಕಾದ ಜಾಗಕ್ಕೆ ತಪ್ಪದೇ ಹೋಗಿ ನಾಲ್ಕು ಎಂದು ಬರುತ್ತಿದ್ದೆ!

ಒಂದು ಶನಿವಾರ ಡಾಕ್ಟರು ಕಂಪ್ಯೂಟರಿನ ಮುಖವನ್ನು ನಮ್ಮ ಕಡೆ ತಿರುಗಿಸಿದರು. ಅದರಲ್ಲಿ ಎರಡು ಗೆರೆ. ಮೇಲಿನದು ಇಳಿದಲ್ಲಿ ಕೆಳಗಿನದೂ ಇಳಿದಿತ್ತು, ಏರಿದಲ್ಲಿ ಏರಿತ್ತು. ಸೀರೆಯ ಅಂಚಿನಲ್ಲಿ ಜೋಡಿ ಗೆರೆ ಎಳೆದ ಹಾಗೆ.

"ಮೇಲಿಂದು ಅಜ್ಜಿದು, ಕೆಳಗಿಂದು ನಿಮ್ದು" ಎಂದರು. "ಅವರಿಗೆ ಮಂಡಿ, ನಿಮಗೆ ಸೊಂಟ. ಇಬ್ಬರಿಗೂ ಒಂದೇ ದಿನ ಹೆಂಗೆ ಕಮ್ಮಿಯಾಗುತ್ತೆ, ಒಂದೇ ದಿನ ಜಾಸ್ತಿಯಾಗುತ್ತೆ? ನಂಗೆ ಅರ್ಥ ಆಗ್ತಿಲ್ಲ."

ನಾನು ಸೆರಗು ಸರಿಮಾಡಿಕೊಂಡೆ. ಅತ್ತೆ ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಅಕ್ಷರ ಬಾರದವರು, ಆದರೆ ಗೆರೆ ಓದಲು ಅಕ್ಷರ ಬೇಕಾಗಿಲ್ಲ. ಮನೆಗೆ ಹೋದ ಮೇಲೆ ನನ್ನ ಕೈಯಿಂದ ನೀರಿನ ಬಿಂದಿಗೆ ಕಿತ್ತುಕೊಂಡು, "ನೀನು ಹೋಗಿ ಕೂತ್ಕೊ" ಎಂದು ಗದರಿದರು.

ಮುಂದಿನ ಸಲ ಡಾಕ್ಟರು ಕೇಳುವ ಮೊದಲೇ ಅತ್ತೆ, "ನಂದು ಎರಡು ಕಣಪ್ಪ, ಎಲ್ಲಾ ವಾಸಿಯಾಗೈತೆ" ಎಂದು ಕೈ ಕಟ್ಟಿ ಕೂತರು. ನನಗೆ ದಾರಿ ಬಿಡಲು ಹಾಗೆ ಹೇಳಿದ್ದೆಂದು ಆಮೇಲೆ ತಿಳಿಯಿತು. ಆಗ ತಿಳಿಯಲಿಲ್ಲ. ಡಾಕ್ಟರು ತಿರುಗಿದ್ದೇ ನನ್ನ ಬಾಯಿಂದ "ಒಂದು" ಎಂದು ಬಿದ್ದುಹೋಯಿತು.

ಅತ್ತೆ ಹಣೆ ಚಚ್ಚಿಕೊಂಡರು. "ಥೂ ನಿನ್ನ! ನಾನು ಕೆಳಗಿಳಿದ್ರೆ ನೀನು ಇನ್ನೂ ಕೆಳಕ್ಕೆ ಇಳೀತೀಯಲ್ಲೇ! ಇಬ್ರೂ ಸೇರಿ ಪಾತಾಳಕ್ಕೆ ಹೋಗಾಣಾ?" ಡಾಕ್ಟರ ಕಡೆ ತಿರುಗಿ, "ಇವಳದ್ದು ಅಳಿಸಪ್ಪ. ನಾನು ಆಚೆ ಹೋಗಿ ಕೂತ್ಕೊತೀನಿ. ಆಮೇಲೆ ಕೇಳು" ಎಂದು ಎದ್ದರು. ಗೋಡೆ ಹಿಡಿಯದೆ ನಡೆದು ಪರದೆ ಸರಿಸಿಕೊಂಡು ಹೋದರು.

ಡಾಕ್ಟರು ಮತ್ತೆ ಕೇಳಿದರು. ಪಕ್ಕದ ಕುರ್ಚಿ ಖಾಲಿ ಇತ್ತು. "ಎಂಟು" ಎಂದೆ. ಅಂದದ್ದೇ ತಡ, ಅಳು ಬಂತು. ಅಷ್ಟು ದಿನದ್ದೆಲ್ಲ ಒಟ್ಟಿಗೇ ಬಂತು. ಪಾಪ, ಆ ಹುಡುಗ ಕುಡಿಯಲು ನೀರು ಕೊಟ್ಟರು.

ಐದು ದಾಟಿದರೆ ಮಾತ್ರ ತೆರೆಯುವ ಪುಟವೊಂದು ಕಂಪ್ಯೂಟರಿನಲ್ಲಿ ಇತ್ತಂತೆ. ಅದು ತೆರೆಯಿತು. ನೋವು ಕಾಲಿಗೆ ಇಳಿಯುತ್ತದೆಯೇ, ಪಾದ ಜೋಮು ಹಿಡಿಯುತ್ತದೆಯೇ, ನಿದ್ದೆ ಕೆಡುತ್ತದೆಯೇ, ಯಾವುದೂ ಬೇಡ ಅನ್ನಿಸುತ್ತದೆಯೇ. ಎಲ್ಲಕ್ಕೂ ಹೌದು, ಹೌದು ಎಂದೆ. ಚೌಕ ಕೆಂಪಾಯಿತು. ಡಾಕ್ಟರು ನನ್ನ ಎಡಗಾಲಿನ ಹೆಬ್ಬೆರಳನ್ನು ಒತ್ತಿ ಹಿಡಿದು ಮೇಲೆತ್ತಲು ಹೇಳಿದರು. ಏಳಲಿಲ್ಲ. ಅವರು ನನ್ನ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. "ಕಂಪ್ಯೂಟರು ಕೇಳಿದ್ದು ಸರಿಯಾಗೇ ಇತ್ತಮ್ಮ, ನಿಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದ್ದು ನನ್ನ ತಪ್ಪು" ಎಂದರು.

ರಾಜಾಜಿನಗರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಬೆನ್ನಿನ ಡಿಸ್ಕ್ ನರವನ್ನು ಒತ್ತುತ್ತಿತ್ತು. ಇನ್ನಷ್ಟು ತಡಮಾಡದೆ ಬಂದಿರಿ, ಕಾಲು ಉಳಿಯುತ್ತದೆ ಎಂದರು ಅಲ್ಲಿಯವರು. ತಿಂಗಳುಗಟ್ಟಲೆ ಫಿಸಿಯೋಥೆರಪಿ, ಮಿಷನ್ನಿಗೆ ರಜಾ. ನೆಲ ಸಾರಿಸುವುದು, ನೀರು ಹೊರುವುದು ಎಲ್ಲವನ್ನೂ ಅತ್ತೆ ಹೊತ್ತುಕೊಂಡರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇದು ನಿನ್ ಕಾಲ, ಅನುಭವಿಸು" ಎಂದು ಅಣಕಿಸುತ್ತಿದ್ದರು. ಎರಡು ಎಂದಿದ್ದರಲ್ಲ, ಡಾಕ್ಟರು ಅವರ ಮಾತ್ರೆಯನ್ನೂ ಕಡಿಮೆ ಮಾಡಿದ್ದರು. ಅವರ ಮಂಡಿ ವಾಸಿಯಾಗಿದೆ ಎಂದು ನಾನೂ ನಂಬಿದೆ. ನಂಬಿದರೆ ನನಗೂ ಅನುಕೂಲವಿತ್ತು.

ಪಾದಕ್ಕೆ ಮತ್ತೆ ಜೀವ ಬಂತು. ಸೊಂಟ ಪೂರ್ತಿ ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಕೂರುವ ಎತ್ತರ ಬದಲಾಯಿಸಿಕೊಂಡು, ಆಗಾಗ ಎದ್ದು ಓಡಾಡಿಕೊಂಡು ಹೊಲಿಯುತ್ತೇನೆ.

ನಾನು ಮತ್ತೆ ಮಿಷನ್ನಿಗೆ ಕೂತ ವಾರವೇ ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ಅಷ್ಟರಲ್ಲಿ ಅಲ್ಲಿ ಒಬ್ಬೊಬ್ಬರನ್ನೇ ಕರೆಯುವ ಪದ್ಧತಿ ಬಂದಿತ್ತು. ಅತ್ತೆ ಒಳಗೆ ಹೋದರು. ನಾನು ಪರದೆಯ ಪಕ್ಕದಲ್ಲೇ, ಇಟ್ಟಿಗೆಯ ಬೆಂಚಿನ ಮೇಲೆ ಕೂತಿದ್ದೆ.

"ಈಗೆಷ್ಟಿದೆ ಅಜ್ಜಿ?"

"ಒಂಬತ್ತು."

"ಎರಡು ಅಂದಿದ್ರಿ! ಯಾವಾಗ ಇಷ್ಟು ಜಾಸ್ತಿಯಾಯ್ತು?"

"ಜಾಸ್ತಿ ಎಲ್ಲಾಯ್ತು? ಐದು ಅಂತಿದ್ದಾಗ್ಲೂ ಒಂಬತ್ತೇ. ಒಂಬತ್ತು ಅಂದಿದ್ರೆ ಅವಳು ನನ್ನ ಕೂರಿಸಿ, ಎಲ್ಲಾ ಕೆಲ್ಸಾನೂ ಆ ಮುರುಕು ಸೊಂಟದ ಮೇಲೇ ಹಾಕ್ಕೊತಿದ್ಲು. ಈಗ ಅವಳ ಕಾಲು ಸರಿ ಹೋಯ್ತು, ಹೇಳ್ದೆ. ಅವಳಿಗೆ ಮಾತ್ರ ಹೇಳ್ಬೇಡಪ್ಪ."

ಎದ್ದು ಒಳಗೆ ಹೋಗಬೇಕೆನ್ನಿಸಿತು. ಹೋಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಬೀದಿಗೆ ಬಂದು, ಆಟೋ ನಿಲ್ಲಿಸಿಕೊಂಡೆ.

ಅತ್ತೆ ಹೊರಗೆ ಬಂದರು. "ಎಷ್ಟಂದ್ರಿ?" ಎಂದೆ.

"ಐದೇ ಕಣೇ." ಆಟೋ ಕಡೆ ನೋಡಿದರು. "ಇಷ್ಟು ದೂರಕ್ಕೆ ಇದ್ಯಾಕೆ?"

"ನನ್ನ ಸೊಂಟ ಅತ್ತೆ, ನಡೆಯೋಕಾಗ್ತಿಲ್ಲ."

"ಹಂಗಂದ್ರೆ ಸರಿ" ಎಂದು, ನನ್ನ ಭುಜದ ಮೇಲೆ ಪೂರ್ತಿ ಭಾರ ಬಿಟ್ಟು ಹತ್ತಿದರು.