ನೂರಾಹತ್ತರ ದನಿ

ಬಲ್ಬಿನ ತಂತಿ ಮೆಲ್ಲಗೆ ಕೆಂಪಗಾಗುವುದನ್ನು ನೀವು ಸುಮ್ಮನೆ ಕೂತು ನೋಡಿದ್ದೀರಾ? ಎಂಬತ್ತರ ದಶಕದ ಶಿರಗುಪ್ಪಿಯಲ್ಲಿ ಅದೇ ನನ್ನ ಸಂಧ್ಯಾಧ್ಯಾನ. ಕಬ್ಬಿನ ಹೊಲಗಳ ಪಂಪುಗಳೆಲ್ಲ ಒಟ್ಟಿಗೆ ಶುರುವಾದೊಡನೆ ಬಲ್ಬು ಹಣ್ಣಾಗಿ, ಅದರ ಕೆಳಗೆ ಗೋಡೆ, ಕ್ಯಾಲೆಂಡರು, ಕೂತ ಮಂದಿ ಎಲ್ಲವೂ ಅರೆನಿದ್ದೆಯಲ್ಲಿ ತೇಲುತ್ತಿದ್ದವು. ವಿಜ್ಞಾನದ ಮಾಸ್ತರನಾದ ನನ್ನ ವಿದ್ವತ್ತಿಗೂ ನಮ್ಮೂರ ವಿದ್ಯುತ್ತಿಗೂ ಒಂದು ಹೋಲಿಕೆಯಿತ್ತು: ಎರಡೂ ಬೇಕಾದ ಹೊತ್ತಿಗೇ ಮಂದ.

ನೆರೆಮನೆಯ ಖತೀಜಾಬಿಯ ಗಂಡ ದಸ್ತಗೀರ ಸೌದಿಯಲ್ಲಿ ಗೌಂಡಿ ಕೆಲಸಕ್ಕಿದ್ದ. ರಜೆಗೆ ಬಂದವರೊಬ್ಬರ ಕೈಯಲ್ಲಿ ಅವನು ಕಳಿಸಿದ ಟೇಪ್ ರೆಕಾರ್ಡರನ್ನೂ, ಅವನ ಮಾತು ತುಂಬಿದ ಕ್ಯಾಸೆಟ್ಟನ್ನೂ ಆಕೆ ನನ್ನ ಮುಂದಿಟ್ಟಳು. ಪೆಟ್ಟಿಗೆಯ ಬೆನ್ನಿನ ಮೇಲೆ ನೂರಾಹತ್ತು ವೋಲ್ಟ್ ಎಂದಿತ್ತು. ಅಲ್ಲಿಯ ಕರೆಂಟೇ ಬೇರೆ, ನಮ್ಮ ಇನ್ನೂರಿಪ್ಪತ್ತಕ್ಕೆ ಹಚ್ಚಿದರೆ ಸುಟ್ಟೀತು ಎಂದು ಗಂಭೀರವಾಗಿ ತೀರ್ಪಿತ್ತೆ. ಎರಡು ವರ್ಷದಿಂದ ಆ ದನಿ ಕೇಳದವಳ ಮುಖ ಬಾಡಿತು. ಆಮೇಲೆ ಬಲ್ಬಿನತ್ತ ನೋಡಿ, “ಪಂಪ್ ಚಾಲೂ ಆದಾಗ ನಮ್ಮ ಕರೆಂಟೂ ಅರ್ಧಾ ಆಗತೈತಲ್ರಿ ಮಾಸ್ತರ, ಆಗ ಹಚ್ಚೂನ್ರಿ?” ಎಂದಳು.

ನಕ್ಕೆ, ಆದರೂ ಹಚ್ಚಿದೆ. ಪೆಟ್ಟಿಗೆ ಮಾತಾಡಿಬಿಟ್ಟಿತು! ಅಂದಿನಿಂದ ಬಲ್ಬು ಕೆಂಪಾದೊಡನೆ ದಸ್ತಗೀರ ಮರಳು, ಬಿಸಿಲು, ಅಲ್ಲಿ ಸಿಗದ ಜೋಳದ ರೊಟ್ಟಿಯ ಮಾತೆತ್ತುತ್ತಿದ್ದ. ಖತೀಜಾಬಿ ಗಲ್ಲಕ್ಕೆ ಕೈಯಿಟ್ಟು ಕೇಳುವಳು. ಅವನು “ಇನ್ನೊಂದು ಮಾತು” ಎನ್ನುತ್ತಲೇ ಪ್ರತಿಸಲವೂ ಗುಂಡಿ ಒತ್ತಿ ನಿಲ್ಲಿಸುವಳು. “ಪೂರಾ ಕೇಳಿದ್ರ ಅವ್ರು ಮತ್ತ ಹೊಂಟು ಹೋದಂಗ ಆಗತೈತ್ರಿ. ಒಂದೀಟು ಉಳೀಲಿ.”

ಒಂದು ಸಂಜೆ ದೊಡ್ಡ ಮಳೆ ಬಂತು. ಹೊಲದ ಪಂಪುಗಳು ನಿಂತದ್ದು, ಆ ದನಿಯ ಗುಂಗಿನಲ್ಲಿದ್ದ ನಮ್ಮ ಲಕ್ಷ್ಯಕ್ಕೆ ಬರಲಿಲ್ಲ. ಬಲ್ಬು ಝಗ್ಗನೆ ಬೆಳ್ಳಗಾಯಿತು, ಪೆಟ್ಟಿಗೆಯಿಂದ ಹೊಗೆಯೆದ್ದಿತು, ದಸ್ತಗೀರನ ಮಾತು ನಡುವೆಯೇ ಕಡಿಯಿತು. ಖತೀಜಾಬಿ ಕ್ಯಾಸೆಟ್ಟನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ನನಗೆ ನಿಜಕ್ಕೂ ಅಳು ಬಂತು.

ಮಳೆ ಹೊಳವಾದ ಮೇಲೆ ಉಗಾರದ ಗೆಳೆಯನನ್ನು ಕಾಡಿ ಬೇಡಿ ಸೆಲ್ಲಿನ ಟೇಪ್ ರೆಕಾರ್ಡರು ತಂದೆ. ಪುಣ್ಯಕ್ಕೆ ಕ್ಯಾಸೆಟ್ಟಿಗೇನೂ ಆಗಿರಲಿಲ್ಲ. ಉಳಿಸಿಟ್ಟದ್ದೂ ಕೈಬಿಟ್ಟೀತೆಂಬ ಹೆದರಿಕೆಯಿಂದ ಈ ಸಲ ಆಕೆ ಗುಂಡಿ ಮುಟ್ಟಲಿಲ್ಲ.

“ಇನ್ನೊಂದು ಮಾತು,” ಎಂದ ದಸ್ತಗೀರ. “ಪೆಟ್ಟಿಗಿ ಹಿಂದ ನೂರಾಹತ್ತು ಅಂತ ಐತಲ್ಲ, ಅದು ತಿರುಗತೈತಿ. ಎರಡ್ನೂರಾ ಇಪ್ಪತ್ತಕ್ಕ ತಿರುವಿದ ಮ್ಯಾಲನ ಹಚ್ಚು. ತಿಳೀಲಿಲ್ಲಂದ್ರ ಬಾಜೂಮನಿ ಮಾಸ್ತರ್ನ ಕೇಳು. ಅವ್ರಿಗೆ ಎಲ್ಲಾ ಗೊತ್ತಿರತೈತಿ.”

ಖತೀಜಾಬಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕು, “ಇನ್ನೊಮ್ಮೆ ಹಚ್ರಿ ಮಾಸ್ತರ” ಎಂದಳು. ಹೊರಗೆ ಪಂಪುಗಳು ಶುರುವಾಗಿದ್ದವು. ಬಲ್ಬು ಮೆಲ್ಲಗೆ ಕೆಂಪಗಾಗುತ್ತಿತ್ತು. ಅದರ ಕೆಳಗೆ ನಾನೂ.