ಆರೇ ಅಂಕಿಯ ನಂಬರು

ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಒಂದು ಮಧ್ಯಾಹ್ನ ನಾವು ಮೇಷ್ಟ್ರುಗಳೆಲ್ಲ ಸ್ಟಾಫ್ ರೂಮಿನಲ್ಲಿ ಊಟ ಮುಗಿಸಿ ಕೂತಿದ್ದಾಗ ಬಿಸಿಯೂಟದ ಅಡುಗೆಯಾಕೆ ಕೈಲೊಂದು ಚೀಟಿ ಹಿಡಿದು ಬಾಗಿಲಲ್ಲಿ ನಿಂತರು.

"ಮೇಷ್ಟ್ರೇ, ನರಸೀಪುರದ ಆಸ್ಪತ್ರೆಗೆ ಒಂದ್ ಪೋನ್ ಮಾಡ್ಕೊಡಿ. ಮಗಳುನ್ನ ಎರ್ಗೆಗೆ ಸೇರ್ಸಿವ್ನಿ. ಅವ್ಳ್ ಮೊಬೈಲು ಸ್ವಿಚ್ ಆಪ್ ಅಂತದೆ. ನರ್ಸಮ್ಮ ಯೋಳಿದ್ ನಂಬರ್ಗೆ ಮಾಡುದ್ರೆ ಓಯ್ತಾನೇ ಇಲ್ಲ."

ಚೀಟಿಯಲ್ಲಿ ಅವರೇ ಬರೆದುಕೊಂಡಿದ್ದ ಆರು ಅಂಕಿಗಳಿದ್ದವು. ನಾನು ಅವನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. "ಫೋನ್ ನಂಬರಿಗೆ ಹತ್ತು ಅಂಕಿ ಇರ್ಬೇಕು ಕಣಮ್ಮ. ಮಿಕ್ಕ ನಾಲ್ಕನ್ನ ಸಾಂಬಾರಿಗೆ ಹಾಕ್ಬಿಟ್ರಾ?" ಎಂದೆ. ಎಲ್ಲರೂ ನಕ್ಕರು.

"ನಾನೇ ತಪ್ ಬರ್ಕೊಂಡೆ ಅನ್ಸುತ್ತೆ, ಬುಡಿ" ಎಂದು ಆಕೆ ಚೀಟಿ ಮಡಚಿಕೊಂಡರು. ಪಾತ್ರೆ ತೊಳೆದಿಟ್ಟು ನಂಜನಗೂಡಿಗೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನರಸೀಪುರ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತಂತೆ. ಮಗಳಿಗೆ ಆಪರೇಷನ್ ಆಗಿಹೋಗಿತ್ತು. ತಾಯಿ, ಮಗು ಇಬ್ಬರೂ ಕ್ಷೇಮ. ಆದರೆ ಒಳಗೆ ಕರೆದೊಯ್ಯುವವರೆಗೂ ಆ ಹುಡುಗಿ ಅವ್ವನನ್ನು ಕರೆಯುತ್ತಲೇ ಇದ್ದಳಂತೆ.

ಕೆಲವು ವಾರಗಳ ಮೇಲೆ ತರಬೇತಿಗೆಂದು ನರಸೀಪುರಕ್ಕೆ ಹೋದೆ. ಆ ಆಸ್ಪತ್ರೆಯ ಬೋರ್ಡು ಕಣ್ಣಿಗೆ ಬಿತ್ತು. ಮೊದಲು 08227, ಆಮೇಲೆ ಆರು ಅಂಕಿ. ನಾನು ಗಟ್ಟಿಯಾಗಿ ಓದಿದ್ದ ಅವೇ ಆರು. ಸೊನ್ನೆ ಬಿಟ್ಟರೆ ಊರಿನ ಕೋಡಿನದು ನಾಲ್ಕು, ನಂಬರಿನದು ಆರು, ಒಟ್ಟು ಹತ್ತು. ನನಗೆ ಇದು ಗೊತ್ತಿರದ ಸಂಗತಿಯೇನಲ್ಲ. ನಂಜನಗೂಡಿನ ನಮ್ಮ ಮನೆಯ ಲ್ಯಾಂಡ್‌ಲೈನಿಗೂ 08221 ಇತ್ತು. ಊರೊಳಗಿನವರಿಗೆ ನಾವೂ ಆರೇ ಅಂಕಿ ಹೇಳುತ್ತಿದ್ದೆವು. ಬಿಸಿಲಿನಲ್ಲಿ ನಿಂತಲ್ಲೇ ನನ್ನ ಕಿವಿ ಕಾದವು.

ಮಾರನೆಯ ದಿನ ಅಡುಗೆ ಕೋಣೆಗೆ ಹೋಗಿ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದರು.

"ಅಂಗಾರೆ ನಾನ್ ಬರ್ದಿದ್ದು ಸರ್ಯಾಗೇ ಇತ್ತಾ?"

"ಸರಿಯಾಗೇ ಇತ್ತಮ್ಮ. ತಪ್ಪು ನಂದು. ನಾನು ಕೋಡ್ ಸೇರಿಸಿ ಮಾಡ್ಬೇಕಿತ್ತು."

ಆಕೆ ಮೊರವನ್ನು ಪಕ್ಕಕ್ಕಿಟ್ಟರು. ನಂತರ, "ಯಾಕವ್ವಾ ಬರ್ನಿಲ್ಲ ಅಂತ ಮಗ್ಳು ಈಗ್ಲೂ ಕೇಳ್ತಾಳೆ. ಅವ್ಳ್ಗೆ ನೀವೇ ಒಂದ್ ಮಾತ್ ಯೋಳಿ" ಎಂದು ತಮ್ಮ ಮೊಬೈಲಿನಿಂದ ಮಗಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

ನಡೆದದ್ದನ್ನು ತೊದಲುತ್ತಾ ಹೇಳಿದೆ, ಸಾಂಬಾರಿನ ಮಾತನ್ನೂ ಬಿಡದೆ. ಆ ಕಡೆ ಮಗು ಅಳುತ್ತಿತ್ತು. "ಆಯ್ತು ಸಾ. ಅವ್ವುನ್ಗೆ ಕೊಡಿ" ಎಂದಳು, ಅಷ್ಟೇ. ಆಕೆ ಫೋನ್ ತೆಗೆದುಕೊಂಡು ಕೋಣೆಯ ಹಿಂದಕ್ಕೆ ಹೋಗಿ ತುಂಬ ಹೊತ್ತು ಮಾತಾಡಿದರು.

ಅಂದು ನಕ್ಕವರ ಮುಂದೆಯೂ ಇದನ್ನು ಹೇಳಬೇಕಿತ್ತು. ಸಂಜೆ ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಪರೀಕ್ಷೆಯ ಮಾತೆತ್ತಿದರು. ನಾನೂ ಆ ಮಾತಿಗೇ ಸೇರಿಕೊಂಡೆ. ಇವತ್ತಿಗೂ ಹೇಳಿಲ್ಲ.